ಒಡಕು ಡಬ್ಬಿ ಮತ್ತು ಬುಧವಾರದವಳು

ಬುಧವಾರ ಸಂಜೆ ಐದೂಕಾಲಿಗೆ ಡ್ರೈವರ್ ನಗುತ್ತಾ ಮನೆಗೆ ಬಂದ.

ಬೇಕರಿಯ ಗಾಜಿನ ಪೆಟ್ಟಿಗೆಯ ಹಿಂದೆ ನಿಂತು ಬನ್ನು ಜೋಡಿಸುತ್ತಿದ್ದ ಅವನ ಹೆಂಡತಿ ಅದನ್ನು ಕಣ್ಣಾರೆ ಕಂಡಳು. ಜೋರು ನಗುವೇನಲ್ಲ. ರಸ್ತೆ ದಾಟುವಾಗ ಏನೋ ನೆನಪಾಗಿ ತುಟಿಯ ಒಂದು ಕೊನೆ ಮೇಲೇರಿತು, ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಇಳಿಯಿತು. ಅಷ್ಟೇ. ಆದರೆ ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಇಡೀ ರಸ್ತೆ ಬೇಕರಿ ಅಕ್ಕ ಎಂದು ಕರೆಯುವ ಆ ಹೆಂಗಸು ಸಂತೋಷಪಡಬೇಕಿತ್ತು. ಪಡಲಿಲ್ಲ. ಅವಳಿಗೆ ಮೊದಲು ಹೊಳೆದದ್ದು, ಇದು ನಾನು ತರಿಸಿದ ನಗುವಲ್ಲ ಎಂಬುದು.

"ಹೇಗಾಯ್ತು?" ಎಂದು ಕೇಳಿದಳು.

"ಆಯ್ತು."

"ಏನು ಮಾಡಿದ್ರಿ?"

"ಮಾತಾಡಿದ್ವಿ."

"ಒಂದು ಗಂಟೆ ಪೂರ್ತಿ?"

"ಹ್ಞೂಂ."

"ಏನು ಮಾತು ಅಷ್ಟು?"

"ಹೀಗೇ," ಎಂದು ಅವನು ಚಪ್ಪಲಿ ಬಿಟ್ಟು ಒಳಗೆ ಹೋದ.

ಅತ್ತೆ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಗದದ ಚೀಲಗಳನ್ನು ಒಂದೊಂದಾಗಿ ಬಿಡಿಸಿಡುತ್ತಿದ್ದರು. ಅವರ ಕೈ ನಿಂತಿತು.

"ನನ್ನ ಮಗ ನಕ್ಕನಲ್ಲೇ!"

"ನೋಡಿದೆ ಅತ್ತೆ."

"ನೋಡಿದ ಮುಖವೇನೇ ಇದು? ಹುಳಿ ಬಂದ ಹಿಟ್ಟು ನುಂಗಿದ ಹಾಗಿದೆ."

ಬೇಕರಿ ಅಕ್ಕ ಆಗಲೇ ಜೋಡಿಸಿದ್ದ ಬನ್ನುಗಳನ್ನು ಮತ್ತೆ ತೆಗೆದು ಮತ್ತೆ ಜೋಡಿಸಿದಳು.

ಡ್ರೈವರ್ ಈಗ ಬಸ್ಸು ಓಡಿಸುತ್ತಿರಲಿಲ್ಲ. ಹಿಂದಿನ ವರ್ಷ ಒಂದು ಬೆಳಿಗ್ಗೆ ಮಾರುಕಟ್ಟೆಯ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿದವನು ಮತ್ತೆ ಹೊರಡಿಸಲಿಲ್ಲ. ಪ್ರಯಾಣಿಕರು ಮೊದಲು ಕೂಗಾಡಿದರು, ಆಮೇಲೆ ಗೊಣಗುತ್ತಾ ಇಳಿದು ಹೋದರು. ಕಂಡಕ್ಟರ್ ಮುಂದೆ ಬಂದು ನೋಡಿದಾಗ ಅವನು ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡು ಕೂತಿದ್ದ. ಅಳುತ್ತಿರಲಿಲ್ಲ. ಬೇರೇನೂ ಮಾಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಖಿನ್ನತೆ ಎಂದರು, ಮಾತ್ರೆ ಕೊಟ್ಟರು, ಸಾರಿಗೆ ಸಂಸ್ಥೆ ರಜೆ ಕೊಟ್ಟಿತು. ಮಾತ್ರೆಯಿಂದ ಸ್ವಲ್ಪ ಸುಧಾರಿಸಿತು. ಹಾಸಿಗೆಯಿಂದ ಏಳುತ್ತಿದ್ದ, ಸ್ನಾನ ಮಾಡುತ್ತಿದ್ದ, ಕೇಳಿದ್ದಕ್ಕೆ ಒಂದು ಪದದಲ್ಲಿ ಉತ್ತರ ಕೊಡುತ್ತಿದ್ದ. ಅಲ್ಲಿಗೆ ನಿಂತುಬಿಟ್ಟಿತ್ತು.

ಅದೇ ಆಸ್ಪತ್ರೆಯಲ್ಲಿ ಒಂದು ಅಧ್ಯಯನ ಶುರುವಾಗಿತ್ತು. ಸೇರಿಕೊಳ್ಳುತ್ತೀರಾ ಎಂದು ಡಾಕ್ಟರ್ ಕೇಳಿದ ದಿನ ಬೇಕರಿ ಅಕ್ಕ ಜೊತೆಗೆ ಹೋಗಿರಲಿಲ್ಲ, ಓವನ್ನಿನಲ್ಲಿ ಬ್ರೆಡ್ಡಿತ್ತು. ಡಾಕ್ಟರ್ ಅವನಿಗೆ ಅರ್ಧ ಗಂಟೆ ವಿವರಿಸಿದ್ದರು. ಮನೆಗೆ ಬಂದು ಅವನು ಹೇಳಿದ್ದು ಎರಡೇ ವಾಕ್ಯ: "ಊಟಕ್ಕೂ ಮನಸ್ಸಿಗೂ ಸಂಬಂಧ ಇದೆಯಾ ಅಂತ ನೋಡ್ತಾರಂತೆ. ಮೂರು ತಿಂಗಳು ಬುಧವಾರ ಬುಧವಾರ ನಾಲ್ಕು ಗಂಟೆಗೆ ಹೋಗ್ಬೇಕು." ಮಾತ್ರೆ ಮೊದಲಿನದೇ, ಅದರ ಪ್ರಮಾಣವೂ ಬದಲಾಗಲಿಲ್ಲ.

ಊಟಕ್ಕೂ ಮನಸ್ಸಿಗೂ ಎಂದದ್ದು ಅವಳಿಗೆ ಮುಳ್ಳಿನಂತೆ ಚುಚ್ಚಿತು. ಅದಕ್ಕೆ ಕಾರಣವಿತ್ತು.

ಬೇಕರಿ ಅವಳ ಅಪ್ಪನದು. ಅಪ್ಪ ಒಂದು ನಿಯಮ ಮಾಡಿಟ್ಟಿದ್ದ: ಸರಿಯಾಗಿ ಬಂದದ್ದು ಗಿರಾಕಿಗೆ, ಒಡೆದದ್ದು ಮನೆಗೆ. ಮುರಿದ ಬಿಸ್ಕತ್ತು, ಒಂದು ಬದಿ ಕರಿದಾದ ಬನ್ನು, ಕೇಕನ್ನು ಚೌಕ ಮಾಡುವಾಗ ಉಳಿಯುವ ಅಂಚು, ಅದರ ಮೇಲಿನ ಕ್ರೀಮು ಎಲ್ಲವೂ ಸಂಜೆ ಒಂದು ದೊಡ್ಡ ತಗಡಿನ ಡಬ್ಬಿಗೆ ಬಿದ್ದು ಹಿಂದಿನ ಬಾಗಿಲಿಂದ ಮನೆಗೆ ಹೋಗುತ್ತಿತ್ತು. ಅದಕ್ಕೆ ಒಡಕು ಡಬ್ಬಿ ಎಂದೇ ಹೆಸರು. ಮದುವೆಯಾದ ಮೇಲೆ ಬೇಕರಿ ಅಕ್ಕ ಆ ನಿಯಮವನ್ನು ಮುರಿಯಲಿಲ್ಲ, ಬಗ್ಗಿಸಿದಳು. ಗಂಡನಿಗೆ ಬೆಣ್ಣೆ ಬಿಸ್ಕತ್ತು ಇಷ್ಟ. ಬಿಸಿ ಟ್ರೇಯಿಂದ ಎಲ್ಲಕ್ಕಿಂತ ಚೆನ್ನಾಗಿ ಬಂದ ನಾಲ್ಕೈದನ್ನು ಆರಿಸಿ, ಒಂದೊಂದರ ನಡುವೆ ಹೆಬ್ಬೆರಳಿಟ್ಟು ಒತ್ತಿ ಮುರಿಯುತ್ತಿದ್ದಳು. ಮುರಿದ ಮೇಲೆ ಅದು ಮನೆಯ ಸೊತ್ತು. ಅವಳು ಬಾಯಿ ಬಿಟ್ಟು ಪ್ರೀತಿ ಹೇಳುವ ಪೈಕಿಯಲ್ಲ, ಹೆಬ್ಬೆರಳು ಹೇಳುತ್ತಿತ್ತು. ಡ್ರೈವರ್ ವರ್ಷಗಟ್ಟಲೆ ಸ್ಟೀರಿಂಗಿನ ಹಿಂದೆ ಕೂತು ತಿಂದದ್ದು ಅದನ್ನೇ. ಹೋಟೆಲಿಗೆ ಹೋಗುವಷ್ಟು ಬಿಡುವು ಆ ಕೆಲಸದಲ್ಲಿ ಇರಲಿಲ್ಲ. ರಜೆಯ ಮೇಲೆ ಮನೆಯಲ್ಲಿ ಕೂತ ಮೇಲಂತೂ ಡಬ್ಬಿ ಕೈಗೆಟುಕುವ ಜಾಗದಲ್ಲೇ ಇರುತ್ತಿತ್ತು. ಮಾತಾಡದವನು ತಿನ್ನುತ್ತಿದ್ದಾನಲ್ಲ ಎಂಬುದೇ ಅವಳಿಗೆ ಸಮಾಧಾನವಾಗಿತ್ತು.

ಆ ಸಮಾಧಾನವನ್ನು ಕೆಡಿಸಿದವಳು ಟೈಲರಮ್ಮ.

ಟೈಲರಮ್ಮನ ಹೊಲಿಗೆ ಅಂಗಡಿ ರಸ್ತೆಯ ಆಚೆ ಬದಿ. ದಿನಾ ಸಂಜೆ ಎರಡು ಕ್ರೀಮ್ ಬನ್ನು ಒಯ್ಯುವವಳು. ಒಂದು ಸೋಮವಾರ ಸಂಜೆ ಬಂದು, ಗಾಜಿನ ಪೆಟ್ಟಿಗೆಯ ಮೇಲೆ ಎರಡೂ ಮೊಣಕೈ ಊರಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

"ಎರಡಾ?" ಎಂದಳು ಬೇಕರಿ ಅಕ್ಕ ಇಕ್ಕಳ ಎತ್ತಿ.

"ಬೇಡ ಅಕ್ಕ. ವಾಸನೆ ಸಾಕು. ವಾಸನೆಗೆ ದುಡ್ಡಿಲ್ಲ ತಾನೇ?"

"ಹುಷಾರಿಲ್ವೇನೇ?"

"ಅದೇ ವಿಷ್ಯ. ನಿಮ್ಮೋರು ಹೋಗ್ತಾರಲ್ಲ ಆಸ್ಪತ್ರೆಗೆ, ಆ ಮೂರನೇ ಮಹಡಿಗೆ, ನಾನೂ ಅಲ್ಲಿಗೇ ಸೇರ್ಕೊಂಡೆ, ಸೋಮವಾರ ಸೋಮವಾರ. ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ. ರವಿಕೆಗೆ ಒಂದೇ ತೋಳು ಇಟ್ಟು ಕೊಟ್ಟುಬಿಟ್ಟೆ ಮೊನ್ನೆ. ಅಲ್ಲಿ ಒಬ್ರು ಮೇಡಂ ಇದ್ದಾರೆ. ಕೂರಿಸ್ಕೊಂಡು ಹೇಳ್ತಾರೆ, ಏನು ತಿನ್ಬೇಕು, ಏನು ಬಿಡ್ಬೇಕು ಅಂತ."

"ಏನು ಬಿಡ್ಬೇಕಂತೆ?"

ಟೈಲರಮ್ಮ ಗಾಜಿನ ಪೆಟ್ಟಿಗೆಯ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದಳು. "ಇದೆಲ್ಲ."

ಅತ್ತೆ ಕಿಸಕ್ಕನೆ ನಕ್ಕರು. ಬೇಕರಿ ಅಕ್ಕ ನಗಲಿಲ್ಲ.

"ಮೈದಾ, ಸಕ್ಕರೆ, ಕರಿದಿದ್ದು ಇದನ್ನೇ ತಿಂತಾ ಇದ್ರೆ ಮೈಯೊಳಗೆ ಉರಿಯೂತ ಆಗತ್ತಂತೆ ಅಕ್ಕ. ಏಟು ಬಿದ್ದ ಜಾಗ ಊದಿಕೊಳ್ಳಲ್ವಾ, ಹಾಗೆ, ಆದ್ರೆ ಸಣ್ಣಗೆ, ಒಳಗೆಲ್ಲ. ಕಣ್ಣಿಗೆ ಕಾಣಲ್ಲ, ನೋವಿಲ್ಲ. ಅದು ಮಿದುಳಿಗೂ ಮುಟ್ಟಬಹುದಂತೆ."

"ಮುಟ್ಟತ್ತೆ ಅಂದ್ರಾ, ಮುಟ್ಟಬಹುದು ಅಂದ್ರಾ?"

"ಬಹುದು. ಅವರು ಎಲ್ಲಕ್ಕೂ ಬಹುದು ಅಂತಲೇ ಅನ್ನೋದು."

"ಬುಧವಾರವೂ ಅವರೇ ಇರ್ತಾರಾ?"

"ಇರಬೇಕು. ಇನ್ಯಾರು ಇರ್ತಾರೆ?"

ಟೈಲರಮ್ಮನಿಗೆ ಅದು ಗೊತ್ತಿರಲಿಲ್ಲ. ತೋಚಿದ್ದು ಹೇಳಿದ್ದಳು. ಬೇಕರಿ ಅಕ್ಕ ಅದನ್ನು ಸತ್ಯವೆಂದೇ ತೆಗೆದುಕೊಂಡಳು.

ಆ ಸಂಜೆಯಿಂದ ಅವಳ ತಲೆಯಲ್ಲಿ ಒಬ್ಬ ಹೆಂಗಸು ಬಂದು ಕೂತಳು. ಹೆಸರು ಗೊತ್ತಿಲ್ಲದ್ದರಿಂದ ಬುಧವಾರದವಳು ಎಂದು ಕರೆದಳು. ಬುಧವಾರದವಳಿಗೆ ತೆಳ್ಳನೆಯ ಕತ್ತು, ಸದ್ದಿಲ್ಲದ ಚಪ್ಪಲಿ, ಹಿಟ್ಟು ಕೂರದ ಉಗುರು. ತಾನು ಇಷ್ಟು ವರ್ಷ ಉಣಿಸಿದ್ದನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ಬದಿಗೆ ಸರಿಸುತ್ತಾಳೆ: ಇದು ಬೇಡ, ಇದೂ ಬೇಡ, ಇದನ್ನು ಯಾರು ಕೊಟ್ಟರು ನಿಮಗೆ? ಗಂಡ ತಲೆ ತಗ್ಗಿಸಿ, ಹೆಂಡತಿ ಎನ್ನುತ್ತಾನೆ. ಹಿಟ್ಟು ನಾದುವಾಗೆಲ್ಲ ಈ ದೃಶ್ಯ ಕಣ್ಣ ಮುಂದೆ ಬರುತ್ತಿತ್ತು. ಆ ವಾರ ಬ್ರೆಡ್ಡು ಎಂದಿಗಿಂತ ಗಟ್ಟಿಯಾಗಿತ್ತೆಂದು ಇಬ್ಬರು ಗಿರಾಕಿಗಳು ದೂರಿದರು.

ಆದರೆ ಅವನು ಮನೆಯಲ್ಲಿ ಏನನ್ನೂ ಬೇಡ ಎನ್ನುತ್ತಿರಲಿಲ್ಲ. ಒಡಕು ಡಬ್ಬಿಗೆ ಕೈ ಹಾಕುವುದು ಹಾಗೇ ನಡೆದಿತ್ತು. ಅವಳು ಅದಕ್ಕೂ ಅರ್ಥ ಕಟ್ಟಿದಳು. ನನ್ನ ಮನಸ್ಸು ನೋಯುತ್ತದೆಂದು ಹೇಳುತ್ತಿಲ್ಲ. ಇವತ್ತಲ್ಲ ನಾಳೆ ಹೇಳುತ್ತಾನೆ, ಅವರು ಬಿಡಿ ಅಂದಿದ್ದಾರೆ ಎನ್ನುತ್ತಾನೆ. ಆ ಮಾತು ಅವನ ಬಾಯಿಂದ ಬರುವ ಮೊದಲೇ ನಾನೇ ಬಿಡಿಸುತ್ತೇನೆ. ಅವಳು ಗುಣಪಡಿಸಿದಳು ಎಂದು ಯಾರೂ ಅನ್ನಬಾರದು.

ಆ ವಾರದ ಕೊನೆಗೆ ಒಡಕು ಡಬ್ಬಿ ಅಡುಗೆಮನೆಯಿಂದ ಮಾಯವಾಯಿತು. ಒಡೆದದ್ದೆಲ್ಲ ಅರ್ಧ ಬೆಲೆಗೆ ಅಂಗಡಿಯಲ್ಲೇ ಹೋಗತೊಡಗಿತು. ಅಪ್ಪನ ನಿಯಮ ಅಂದಿಗೆ ಮುಗಿಯಿತು.

ಆಮೇಲೆ ಪ್ರತಿ ಸೋಮವಾರ ಸಂಜೆ ಟೈಲರಮ್ಮ ವಾಸನೆಗೆ ಬರುವಳು, ಬೇಕರಿ ಅಕ್ಕ ಕಿವಿ ಕೊಡುವಳು. ಈ ವಾರ ಬೇಳೆ, ಕಾಳು. ಈ ವಾರ ಸೊಪ್ಪು, ಎರಡು ಬಗೆಯ ತರಕಾರಿ. ಈ ವಾರ ಮೀನು, ಕರಿಯದೆ. ಅಕ್ರೋಟು ಒಂದು ಹಿಡಿ, ಅದೂ ಉಪ್ಪು ಹಾಕದ್ದು. ಸೋಮವಾರ ಕೇಳಿದ್ದು ಮಂಗಳವಾರ ಅಡುಗೆಯಾಗುತ್ತಿತ್ತು. ಬುಧವಾರದವಳು ಅದನ್ನು ಹೇಳುವುದಕ್ಕೆ ಒಂದು ದಿನ ಮೊದಲೇ ಗಂಡನ ತಟ್ಟೆಯಲ್ಲಿ ಅದು ಇರಬೇಕು.

ಒಂದು ತೊಡಕಿತ್ತು. ಅವಳು ಬೇಕರಿಯವಳು, ಅಡುಗೆಯವಳಲ್ಲ. ಓವನ್ನಿನ ಶಾಖ ಮುಖಕ್ಕೆ ಬಡಿದರೆ ಎಷ್ಟು ಡಿಗ್ರಿ ಎಂದು ಹೇಳಬಲ್ಲವಳು, ಒಲೆಯ ಮೇಲಿನ ಬೇಳೆ ತಳ ಹತ್ತುವುದನ್ನು ಅರಿಯಲಾರಳು. ಮನೆಯ ಅಡುಗೆ ಅಲ್ಲಿಯವರೆಗೆ ಅತ್ತೆಯ ಪಾಲಿನದು, ಅದೂ ಹೆಸರಿಗಷ್ಟೇ. ಹೊಟ್ಟೆ ತುಂಬಿಸಲು ಬೇಕರಿಯಿತ್ತಲ್ಲ.

"ಇದೇನೇ ಇದು?" ಎಂದು ಅತ್ತೆ ಮೊದಲ ದಿನ ತಟ್ಟೆಯನ್ನು ಬೆಳಕಿಗೆ ಹಿಡಿದರು.

"ಸೊಪ್ಪು."

"ಯಾರೋ ಮೊದಲೇ ತಿಂದು ಬಿಟ್ಟ ಹಾಗಿದೆ."

"ಅತ್ತೆ, ಆರೋಗ್ಯಕ್ಕೆ ಒಳ್ಳೇದು."

"ನನ್ನ ಆರೋಗ್ಯ ಚೆನ್ನಾಗಿದೆ ಕಣೇ. ನನಗೊಂದು ಬನ್ನು ಕೊಡು."

ಡ್ರೈವರ್ ಮಾತಿಲ್ಲದೆ ತಿಂದ. ಸೀದ ಬೇಳೆಯನ್ನೂ, ಉಪ್ಪು ಎರಡು ಸಲ ಬಿದ್ದ ಮೀನನ್ನೂ ಹಾಗೇ ತಿಂದ. ಬಟ್ಟಲಿನ ಮೇಲೆ ಕಣ್ಣಿಟ್ಟು, ಬಸ್ಸು ಇಳಿಜಾರಿನಲ್ಲಿ ಇಳಿಸುವವನ ಎಚ್ಚರದಿಂದ ಚಮಚ ಎತ್ತುತ್ತಿದ್ದ. ಅವಳು ಎದುರಿಗೆ ಕೂತು ಅವನ ಮುಖ ನೋಡುತ್ತಿದ್ದಳು. ಕೇಳುತ್ತಿದ್ದದ್ದು ಮಾತ್ರ ಬೇರೆ.

"ಈ ವಾರ ಏನಂದ್ರು ಅವರು?"

"ಯಾರು?"

"ಅವರೇ. ಬುಧವಾರದವರು."

"ಏನೂ ಅನ್ನಲಿಲ್ಲ. ಮಾತಾಡಿದ್ವಿ."

ಎರಡನೇ ತಿಂಗಳ ಹೊತ್ತಿಗೆ ವ್ಯತ್ಯಾಸ ಕಾಣತೊಡಗಿತು. ಹೇಳಿಸಿಕೊಳ್ಳದೆ ಗಡ್ಡ ಹೆರೆದುಕೊಂಡ. ಅಂಗಡಿಯ ಕಬ್ಬಿಣದ ಬಾಗಿಲು ಏರಿಸುವಾಗ ಕಿರುಗುಟ್ಟುತ್ತಿದ್ದದ್ದಕ್ಕೆ ಎಣ್ಣೆ ಬಿಟ್ಟ. ಒಂದು ಬೆಳಿಗ್ಗೆ ಹಿಟ್ಟಿನ ಮೂಟೆಯನ್ನು ಗಾಡಿಯಿಂದ ತಾನೇ ಇಳಿಸಿದ. ಅತ್ತೆ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೇಕರಿ ಅಕ್ಕನಿಗೂ ಎದೆ ತುಂಬಿ ಬಂತು. ಆ ಕ್ಷಣಕ್ಕೆ ಗೆದ್ದೆ ಎನಿಸಿತು.

ಅದೇ ಸಂಜೆ ಅವನು ಅಟ್ಟದಿಂದ ಹಳೆಯ ಚದುರಂಗದ ಹಲಗೆ ಇಳಿಸಿ ಧೂಳು ಒರೆಸಿದ. ಒಬ್ಬನೇ ಕಾಯಿಗಳನ್ನು ಜೋಡಿಸಿ, ತಾನಾಗಿ ಬಾಯಿ ಬಿಟ್ಟ. ವರ್ಷದ ಮೇಲೆ, ಯಾರೂ ಕೇಳದೆ ಅವನು ಆಡಿದ ಮೊದಲ ಮಾತು ಅದು.

"ಅವರಿಗೆ ಕುದುರೆ ಅಂದ್ರೆ ಆಗಲ್ಲ. ನನ್ನ ಕುದುರೆ ಹೊರಟ್ರೆ ಸಾಕು, ಗಾಬರಿ ಬಿದ್ದು ಮಂತ್ರೀನ ಒಳಗೆ ಎಳ್ಕೋತಾರೆ."

ಬೇಕರಿ ಅಕ್ಕ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. "ಊಟದ ವಿಷಯ ಹೇಳೋಕೆ ಅಂತ ಕೂರಿಸ್ಕೊಂಡು ಚದುರಂಗ ಆಡ್ತಾರಾ?"

"ಒಂದೊಂದ್ಸಲ."

"ನನ್ನ ಜೊತೆ ಆಡಬಹುದಲ್ಲ."

"ನಿನಗೆ ಎಲ್ಲಿ ಬಿಡುವು?" ಎಂದ ಅವನು. ಅದರಲ್ಲಿ ಚುಚ್ಚುವ ಉದ್ದೇಶವೇನೂ ಇರಲಿಲ್ಲ. ಅವಳಿಗೆ ಚುಚ್ಚಿತು.

ಮುಂದಿನ ಬುಧವಾರ ಬ್ರೆಡ್ಡಿನ ಟ್ರೇಯನ್ನು ಓವನ್ನಿಗೆ ಕೊಟ್ಟು, "ಈಗ ಬಂದೆ" ಎಂದು ಅತ್ತೆಗೆ ಹೇಳಿ, ಹಿಟ್ಟಿನ ಏಪ್ರನ್ನಿನಲ್ಲೇ ಹೊರಟಳು. ಆಸ್ಪತ್ರೆಯ ಮೂರನೇ ಮಹಡಿಯ ಓಣಿಯಲ್ಲಿ ಒಂದೇ ಬಣ್ಣದ ಬಾಗಿಲುಗಳು, ಪ್ರತಿ ಬಾಗಿಲಿಗೂ ಮಂಜು ಗಾಜು. ಯಾವ ಬಾಗಿಲೆಂದು ಹುಡುಕಬೇಕಾಗಲಿಲ್ಲ. ನಾಲ್ಕನೆಯದರ ಹಿಂದೆ ಗಂಡನ ದನಿ ಉದ್ದಕ್ಕೆ ಏನನ್ನೋ ಹೇಳುತ್ತಿತ್ತು. ಪದಗಳು ಕೇಳಿಸಲಿಲ್ಲ, ಓಟ ಕೇಳಿಸಿತು. ಮದುವೆಯಾದ ಹೊಸದರಲ್ಲಿ ಅವನು ಹೀಗೆ ಮಾತಾಡುತ್ತಿದ್ದ, ದಾರಿಯಲ್ಲಿ ಕಂಡದ್ದು, ಬಸ್ಸಿನಲ್ಲಿ ನಡೆದದ್ದು. ಅವಳು ಎಂದಿನಿಂದ ಅದನ್ನು ಕೇಳಿಲ್ಲ ಎಂದು ನೆನಪಿಸಿಕೊಳ್ಳಲು ನೋಡಿದಳು. ಅಷ್ಟರಲ್ಲಿ ಒಳಗೆ ಇಬ್ಬರೂ ಒಟ್ಟಿಗೆ ನಕ್ಕರು. ಗಂಡಸಿನ ನಗು, ಹೆಂಗಸಿನ ನಗು. ಹೆಂಗಸಿನ ನಗು ಒಂದು ಗಳಿಗೆ ಹೆಚ್ಚಿಗೇ ಉಳಿಯಿತು.

ಬಾಗಿಲ ಹಿಡಿಯ ಮೇಲೆ ಕೈ ಇಟ್ಟಳು. ಹಿಡಿಗೆ ಹಿಟ್ಟು ಮೆತ್ತಿತು. ತೆರೆದರೆ ಏನು ಹೇಳುವುದು ಎಂದು ತೋಚಲಿಲ್ಲ. ಕೈ ತೆಗೆದು ಮೆಟ್ಟಿಲಿಳಿದಳು.

ಅಂಗಡಿಗೆ ಬಂದಾಗ ರಸ್ತೆಯವರೆಗೂ ಹೊಗೆಯಿತ್ತು.

"ಈಗ ಬಂದೆ ಅಂದೆಯಲ್ಲೇ!" ಅತ್ತೆ ಕೆಮ್ಮುತ್ತಾ ಚೀಲದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. "ಎಲ್ಲಿಗೆ ಹೋಗಿದ್ದೆ?"

"ಎಲ್ಲೂ ಇಲ್ಲ."

"ಎಲ್ಲೂ ಇಲ್ಲದೋಳು ಒಂದು ಟ್ರೇ ಬ್ರೆಡ್ಡು ಇದ್ದಿಲು ಮಾಡಿದೆ." ಅತ್ತೆ ಸೊಸೆಯ ಮುಖ ನೋಡಿ ದನಿ ಇಳಿಸಿದರು. "ಆಸ್ಪತ್ರೆಗಾ?"

ಬೇಕರಿ ಅಕ್ಕ ಸುಟ್ಟ ಬ್ರೆಡ್ಡನ್ನು ಟ್ರೇಯಿಂದ ಬಡಿದು ಉದುರಿಸಿದಳು. "ನನ್ನ ಹತ್ರ ಒಂದು ಮಾತಿಲ್ಲ ಅತ್ತೆ. ಅಲ್ಲಿ ರೇಡಿಯೋ ಹಾಕಿದ ಹಾಗೆ ಮಾತಾಡ್ತಾರೆ."

"ಎಲ್ಲೋ ಒಂದು ಕಡೆ ಆಡಲಿ ಬಿಡೇ."

"ನಿಮಗೆ ಹೇಗಾದ್ರೂ ಆದ್ರೆ ಸರಿ. ನನಗೆ ಹಾಗಲ್ಲ."

"ನೋಡು," ಎಂದರು ಅತ್ತೆ, "ಅವನು ಮದುವೆಯಾದಾಗ ನನಗೂ ಹೀಗೇ ಆಗಿತ್ತು. ನಾನು ಬ್ರೆಡ್ಡು ಸುಡಲಿಲ್ಲ, ಅಷ್ಟೇ."

ಮೂರು ತಿಂಗಳು ತುಂಬಿದ ಬುಧವಾರ ಮನೆಯವರೊಬ್ಬರು ಜೊತೆಗೆ ಬರಬೇಕೆಂದು ಆಸ್ಪತ್ರೆಯಿಂದ ಫೋನು ಬಂತು. ಬೇಕರಿ ಅಕ್ಕ ಮದುವೆಗೆ ಹೊರಟವಳಂತೆ ಸಿದ್ಧಳಾದಳು. ಉಗುರಿನ ಸಂದಿನ ಹಿಟ್ಟನ್ನು ಬೆಂಕಿಕಡ್ಡಿಯಿಂದ ತೆಗೆದಳು.

ನಾಲ್ಕನೇ ಬಾಗಿಲ ಹಿಂದೆ ಒಂದು ಮೇಜು, ನಾಲ್ಕು ಕುರ್ಚಿ, ಕಿಟಕಿಯ ಕಟ್ಟೆಯ ಮೇಲೊಂದು ಚದುರಂಗದ ಹಲಗೆ. ಮೇಜಿನ ಆ ಬದಿ ಡಾಕ್ಟರ್ ಕೂತಿದ್ದರು. ಅವರ ಪಕ್ಕದಲ್ಲಿದ್ದ ಹೆಂಗಸಿಗೆ ಅರವತ್ತರ ಹತ್ತಿರ ವಯಸ್ಸು. ನೆರೆತ ಕೂದಲಿನ ಗಂಟಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು, ನೆಗಡಿಯಾಗಿ ಮೂಗು ಕೆಂಪಗಿತ್ತು, ಕರವಸ್ತ್ರ ಕೈಯಲ್ಲೇ ಇತ್ತು. ಅಂಚೆ ಕಚೇರಿಯಿಂದ ನಿವೃತ್ತಳಾದವಳು. ಈ ಕೆಲಸಕ್ಕೆಂದು ತರಬೇತಿ ಪಡೆದಿದ್ದಳು. ಬುಧವಾರದವಳು ಅವಳೇ.

ಚೆಲುವೆಯಾಗಿದ್ದರೆ ಬೇಕರಿ ಅಕ್ಕನಿಗೆ ಸುಲಭವಾಗುತ್ತಿತ್ತು. ದೂರಲು ಏನಾದರೂ ಸಿಗುತ್ತಿತ್ತು. ಇವಳಲ್ಲಿ ದೂರಲು ಕಂಡದ್ದು ಆ ಕೆಂಪು ಮೂಗೊಂದೇ.

ಡಾಕ್ಟರ್ ಡ್ರೈವರನ್ನು ಒಂದಷ್ಟು ಪ್ರಶ್ನೆ ಕೇಳಿದರು: ನಿದ್ದೆ, ಹಸಿವು, ಆಸಕ್ತಿ. ಮೊದಲ ವಾರಕ್ಕೆ ಹೋಲಿಸಿದರೆ ಬಹಳ ಸುಧಾರಿಸಿದೆ ಎಂದರು. ಆಮೇಲೆ ಬೇಕರಿ ಅಕ್ಕನ ಕಡೆ ತಿರುಗಿದರು.

"ಈ ಮೂರು ತಿಂಗಳಲ್ಲಿ ಮನೇಲಿ ಊಟದಲ್ಲಿ ಏನಾದ್ರೂ ಬದಲಾವಣೆ ಆಗಿದೆಯಾ ಅಮ್ಮಾ?"

ಈ ಪ್ರಶ್ನೆಗೆ ಅವಳು ಇಷ್ಟು ದಿನ ಕಾದಿದ್ದಳು. ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಪೂರ್ತಿ ಬದಲಾಗಿದೆ. ಬದಲಾಯಿಸಿದ್ದು ನಾನು. ಮೈದಾ ಇಲ್ಲ, ಸಕ್ಕರೆ ಇಲ್ಲ. ಸೊಪ್ಪು, ಕಾಳು, ಮೀನು. ಇವರು ಹೇಳೋದಕ್ಕೆ ಒಂದು ದಿನ ಮೊದಲೇ ನಾನು ಮಾಡಿ ಬಡಿಸಿದ್ದೀನಿ. ಬರ್ಕೊಳ್ಳಿ."

ಡಾಕ್ಟರ್ ಬರೆದುಕೊಳ್ಳಲಿಲ್ಲ. "ಇವರು ಏನು ಹೇಳೋದಕ್ಕೆ?"

"ಏನು ತಿನ್ಬೇಕು ಅಂತ."

"ನಾವು ನಿಮ್ಮ ಮನೆಯವರಿಗೆ ಊಟದ ವಿಷಯ ಏನೂ ಹೇಳಿಲ್ಲವಲ್ಲ." ಡಾಕ್ಟರ್ ಡ್ರೈವರ್ ಕಡೆ ನೋಡಿದರು, ಮತ್ತೆ ಅವಳ ಕಡೆ. "ಇಲ್ಲಿ ಎರಡು ಗುಂಪು ಅಮ್ಮಾ. ಒಂದು ಗುಂಪಿಗೆ ಊಟದ ಸಲಹೆ. ಇನ್ನೊಂದಕ್ಕೆ ಸಲಹೆ ಇಲ್ಲ, ಅಷ್ಟೇ ಹೊತ್ತು ಬರೀ ಮಾತು, ಆಟ. ಯಾರು ಯಾವ ಗುಂಪಿಗೆ ಅನ್ನೋದನ್ನ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನ ಮಾಡತ್ತೆ. ಯಾರಾದ್ರೂ ಒಬ್ಬರು ಜೊತೆಗೆ ಕೂತು ಗಮನ ಕೊಟ್ರೇ ಎಷ್ಟೋ ಜನಕ್ಕೆ ಸ್ವಲ್ಪ ವಾಸಿಯಾಗತ್ತೆ. ಊಟದಿಂದ ಅದಕ್ಕಿಂತ ಹೆಚ್ಚೇನಾದ್ರೂ ಆಗತ್ತಾ ಅಂತ ನೋಡ್ಬೇಕಿತ್ತು. ನಿಮ್ಮವರು ಮಾತಿನ ಗುಂಪು."

ಬೇಕರಿ ಅಕ್ಕ ಗಂಡನನ್ನು ನೋಡಿದಳು.

"ಹೇಳಿದ್ನಲ್ಲ," ಎಂದ ಅವನು, "ಮಾತಾಡಿದ್ವಿ ಅಂತ."

ಬುಧವಾರದವಳು ಮೂಗು ಒರೆಸಿಕೊಂಡಳು.

"ಹಾಗಾದ್ರೆ ಇವರನ್ನ ಊಟದ ಗುಂಪಿಗೆ ಹಾಕಿ," ಎಂದಳು ಬೇಕರಿ ಅಕ್ಕ. "ಊಟದವರು ತಿಂದಿದ್ದೆಲ್ಲ ತಿಂದಿದ್ದಾರೆ."

"ಹಾಗೆ ಹಾಕೋಕಾಗಲ್ಲ. ಮೊದಲ ದಿನ ಯಾವ ಗುಂಪೋ ಕೊನೆಗೂ ಅದೇ. ಯಾರು ಗುಣವಾದ್ರು ಅಂತ ನೋಡ್ಕೊಂಡು ಆಮೇಲೆ ಗುಂಪು ಬದಲಾಯಿಸ್ತಾ ಹೋದ್ರೆ ಫಲಿತಾಂಶ ನಮಗೆ ಬೇಕಾದ ಹಾಗೆ ಬರತ್ತೆ."

"ಅಂದ್ರೆ ನಾನು ಬೇಯಿಸಿದ್ದು ಇವರ ಲೆಕ್ಕಕ್ಕಾ?" ಅವಳು ನೇರವಾಗಿ ಬುಧವಾರದವಳ ಕಡೆ ಬೆರಳು ತೋರಿಸಿದಳು.

"ಮನೇಲಿ ಊಟ ಬದಲಾಗಿತ್ತು ಅಂತ ಟಿಪ್ಪಣಿ ಹಾಕ್ತೀನಿ."

"ಟಿಪ್ಪಣಿ! ಮೂರು ತಿಂಗಳು ಕೈ ಸುಟ್ಕೊಂಡಿದ್ದೀನಿ. ಇವರು ಕುದುರೆ ನೋಡಿ ಹೆದರ್ಕೊಂಡು ಕೂತಿದ್ರು."

ಡಾಕ್ಟರ್ ಸಿಟ್ಟಾಗಲಿಲ್ಲ. "ನಿಮ್ಮ ಊಟದಿಂದ ಆಗಿರಬಹುದು. ಇವರ ಮಾತಿನಿಂದ ಆಗಿರಬಹುದು. ಎರಡೂ ಸೇರಿ ಆಗಿರಬಹುದು. ಇವರೊಬ್ಬರನ್ನ ನೋಡಿ ಹೇಳೋಕಾಗಲ್ಲ."

"ಹಾಗಾದ್ರೆ ಮೊದಲು ಕಾಯಿಲೆ ಬಂದಿದ್ದು ನನ್ನ ಬಿಸ್ಕತ್ತಿನಿಂದ ಅಂತ ಹೇಳೋಕಾಗತ್ತಾ?"

ಇಷ್ಟು ದಿನ ಯಾರ ಎದುರಿಗೂ ಕೇಳದಿದ್ದ ಪ್ರಶ್ನೆ ಅದು.

"ಅದೂ ಹೇಳೋಕಾಗಲ್ಲ," ಎಂದರು ಡಾಕ್ಟರ್. "ಅಂಥ ಊಟ ಜಾಸ್ತಿ ಮಾಡೋವ್ರಲ್ಲಿ ಉರಿಯೂತದ ಗುರುತುಗಳು ಹೆಚ್ಚು ಕಾಣತ್ತೆ, ಖಿನ್ನತೆಯೂ ಹೆಚ್ಚು ಕಾಣತ್ತೆ. ಸಂಬಂಧ ಇದೆ. ಆದ್ರೆ ತಿಂದಿದ್ದಕ್ಕೆ ಮನಸ್ಸು ಕುಗ್ಗಿತೋ, ಮನಸ್ಸು ಕುಗ್ಗಿದ್ದಕ್ಕೆ ಕೈ ಸಿಹಿಗೆ ಹೋಯ್ತೋ, ಎರಡೂ ಒಟ್ಟಿಗೇ ನಡೀತೋ ಅನ್ನೋದು ಇನ್ನೂ ಪೂರ್ತಿ ತಿಳಿದಿಲ್ಲ. ತಿಳಿದಿದ್ರೆ ಈ ಅಧ್ಯಯನವೇ ಬೇಕಿರಲಿಲ್ಲ."

ಆಗ ಬುಧವಾರದವಳು ಮೊದಲ ಸಲ ಬಾಯಿ ತೆರೆದಳು. ನೆಗಡಿಯಿಂದ ದನಿ ಕಟ್ಟಿತ್ತು.

"ಊಟ ಬದಲಾಗಿದೆ ಅಂತ ಡಾಕ್ಟರಿಗೆ ತಿಳಿಸಿದ್ದು ನಾನೇ. ನಿಮ್ಮ ಬಾಯಿಂದಲೇ ಕೇಳಿ ಖಚಿತ ಮಾಡ್ಕೊಳ್ಳೋಣ ಅಂತ ಕರೆಸಿದ್ವಿ."

"ನಿಮಗೆ ಹೇಗೆ ಗೊತ್ತು?"

"ವಾರವಾರವೂ ಅದೇ ಮಾತು ತಾನೇ ಇವರದು. ಸೀದ ಬೇಳೆ. ಎರಡು ಸಲ ಉಪ್ಪು ಬಿದ್ದ ಮೀನು. ಆ ಸೊಪ್ಪಿಗೆ ನಿಮ್ಮ ಅತ್ತೆ ಅಂದಿದ್ದು." ಅವಳು ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದರೂ ನಗು ಕಣ್ಣಿನಲ್ಲಿ ಕಂಡಿತು. "ಚದುರಂಗ ಅರ್ಧಕ್ಕೇ ನಿಲ್ಲಿಸಿ ನಕ್ಕಿದ್ದೀವಿ. ಕ್ಷಮಿಸಿ."

ಮಂಜು ಗಾಜಿನ ಹಿಂದೆ ಕೇಳಿದ ನಗು ಯಾವುದರದ್ದೆಂದು ಬೇಕರಿ ಅಕ್ಕನಿಗೆ ಈಗ ತಿಳಿಯಿತು.

ಮನೆಗೆ ನಡೆದು ಬರುವ ದಾರಿ ಬಸ್ ಡಿಪೋದ ಗೋಡೆಯ ಪಕ್ಕದಲ್ಲೇ. ಡಿಪೋದಿಂದ ಹೊರಬರುತ್ತಿದ್ದ ಬಸ್ಸಿಗೆ ದಾರಿ ಬಿಡಲು ಇಬ್ಬರೂ ನಿಂತರು. ಡ್ರೈವರ್ ಅದರ ಗೇರಿನ ಸದ್ದಿಗೆ ಕಿವಿಗೊಟ್ಟು, "ಎರಡನೇ ಗೇರು ಸರಿ ಬೀಳ್ತಿಲ್ಲ," ಎಂದ.

"ನನ್ನ ಅಡುಗೆ ಹೇಳ್ಕೊಂಡು ನಗ್ತಿದ್ರಾ?"

"ಹ್ಞೂಂ."

"ಮನೇಲೇ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀನು ನಗ್ತಿದ್ಯಾ?"

ಅವಳು ಯೋಚಿಸಿದಳು. "ಇಲ್ಲ."

"ನೀನು ಒಂದ್ಸಲವಾದ್ರೂ ಊಟ ಹೇಗಿದೆ ಅಂತ ಕೇಳಿದ್ಯಾ? ಅವರೇನಂದ್ರು, ಅವರೇನಂದ್ರು ಅಂತಲೇ ಕೇಳ್ತಿದ್ದೆ."

"ಹೇಗಿತ್ತು?"

"ಕೆಟ್ಟದಾಗಿತ್ತು," ಎಂದ ಅವನು. ಸ್ವಲ್ಪ ದೂರ ನಡೆದ ಮೇಲೆ, "ಈಚೀಚೆಗೆ ಪರವಾಗಿಲ್ಲ," ಎಂದ.

ಬೇಕರಿಯ ಬೋರ್ಡು ಕಾಣುವ ತಿರುವಿನಲ್ಲಿ ಅವಳು ಮತ್ತೆ ಕೇಳಿದಳು. "ಡಬ್ಬಿ ತೆಗೆದಿಟ್ಟಾಗ ಯಾಕೆ ಅಂತ ಕೇಳ್ಲಿಲ್ವಲ್ಲ ನೀವು. ಬೆಣ್ಣೆ ಬಿಸ್ಕತ್ತು ಬೇಕು ಅನ್ನಿಸ್ಲಿಲ್ವಾ?"

"ಡಬ್ಬಿ ಇದ್ದಾಗಲೂ ಎಷ್ಟೋ ಸಲ ಬೇಡ ಅನ್ನಿಸ್ತಿತ್ತು. ಬಿಡೋಕಾಗ್ತಿರಲಿಲ್ಲ."

"ಯಾಕೆ?"

"ಮುರಿದಿರೋ ಜಾಗದಲ್ಲಿ ಹೆಬ್ಬೆರಳು ಒತ್ತಿದ ಗುರುತು ಇರ್ತಿತ್ತು," ಎಂದ ಅವನು. "ತಾನಾಗಿ ಒಡೆದಿದ್ದಕ್ಕೆ ಹಾಗಿರಲ್ಲ."

ಇಬ್ಬರೂ ಅಂಗಡಿಯ ಮೆಟ್ಟಿಲು ಹತ್ತಿದರು. ಅತ್ತೆ ಸ್ಟೂಲಿನಿಂದಲೇ ಕತ್ತು ಚಾಚಿದರು.

"ಹೇಗಿದ್ದಾಳೆ ಅವಳು? ನೋಡೋಕೆ ಚೆನ್ನಾಗಿದ್ದಾಳಾ?"

"ಇಲ್ಲ ಅತ್ತೆ," ಎಂದಳು ಬೇಕರಿ ಅಕ್ಕ. "ಚೆನ್ನಾಗಿ ಕೇಳಿಸ್ಕೋತಾಳೆ."

ಅಧ್ಯಯನದ ವರದಿ ಬರಲು ಬಹಳ ತಿಂಗಳು ಹಿಡಿಯಿತು. ಊಟದ ಗುಂಪಿನಲ್ಲಿ ಸುಧಾರಿಸಿದವರು ಮಾತಿನ ಗುಂಪಿಗಿಂತ ಹೆಚ್ಚು. ಆದರೆ ಜನ ಕಡಿಮೆ, ಇನ್ನೂ ದೊಡ್ಡ ಅಧ್ಯಯನ ಬೇಕು ಎಂದು ಅದರಲ್ಲಿತ್ತು. ಟೈಲರಮ್ಮ ಮೊದಲನೆಯ ಲೆಕ್ಕದಲ್ಲಿ ಸೇರಿದ್ದಳು, ಡ್ರೈವರ್ ಎರಡನೆಯದರಲ್ಲಿ.

ಅಷ್ಟು ದಿನ ಕಾಯುವ ತಾಳ್ಮೆ ಬೇಕರಿ ಅಕ್ಕನಿಗೆ ಇರಲಿಲ್ಲ. ಮುಂದಿನ ಬುಧವಾರ ನಾಲ್ಕರಿಂದ ಐದು ಗಂಟೆಯವರೆಗೆ ಬೇಕರಿಯ ಬಾಗಿಲು ಮುಚ್ಚಿತ್ತು; ಒಳಗೆ ಗಂಡ ಹೆಂಡತಿಯ ನಡುವೆ ಚದುರಂಗದ ಹಲಗೆ ಇತ್ತು.